ವಾರಂಟು ಮತ್ತು ವೈರ: ಜಾನ್ ಸ್ಟರ್ಜಸ್‌ನ ‘ಲಾಸ್ಟ್ ಟ್ರೈನ್ ಫ್ರಮ್ ಗನ್ ಹಿಲ್’

ಕನ್ನಡದ ಪ್ರೇಕ್ಷಕರು ಸಾಮಾನ್ಯವಾಗಿ ‘ಕೌಬಾಯ್ ಸಿನಿಮಾ’ ಎಂದು ಕರೆಯುವ, ಅಮೆರಿಕದ ಪಶ್ಚಿಮ ಗಡಿನಾಡಿನ ಬದುಕನ್ನು ಚಿತ್ರಿಸುವ ವೆಸ್ಟರ್ನ್ ಚಿತ್ರಗಳಲ್ಲಿ ಸೇಡಿನ ಕತೆಗಳಿಗೆ ಬರವಿಲ್ಲ. ತಂದೆಯನ್ನೋ ತಮ್ಮನನ್ನೋ ಕಳೆದುಕೊಂಡವನು ಕುದುರೆಯೇರಿ ಹೊರಟು, ಕೊಂದವರನ್ನು ಹುಡುಕಿ ಕೊಲ್ಲುವುದು ಮೂಕಿ ಚಿತ್ರಗಳ ಕಾಲದಿಂದಲೂ ಸವೆದ ಹಾದಿ. ಆದರೆ ಸೇಡು ತೀರಿಸಿಕೊಳ್ಳಬೇಕಾದವನೇ ಕಾನೂನಿನ ಅಧಿಕಾರಿಯಾಗಿದ್ದರೆ ಕತೆಯ ಗಂಟು ಬಿಗಿಯಾಗುತ್ತದೆ. ಏಕೆಂದರೆ ಅಪರಾಧದಿಂದ ನೊಂದವನು, ಅಪರಾಧಿಯನ್ನು ಹಿಡಿಯಬೇಕಾದವನು, ಹಿಡಿದ ಮೇಲೆ ಅವನ ಪ್ರಾಣವನ್ನು ಕಾಯಬೇಕಾದವನು ಈ ಮೂವರೂ ಒಬ್ಬನೇ ಆಗಿಬಿಡುತ್ತಾನೆ. 1959ರಲ್ಲಿ ಪ್ಯಾರಾಮೌಂಟ್ ಸಂಸ್ಥೆ ಬಿಡುಗಡೆ ಮಾಡಿದ, ಜಾನ್ ಸ್ಟರ್ಜಸ್ ನಿರ್ದೇಶನದ ‘ಲಾಸ್ಟ್ ಟ್ರೈನ್ ಫ್ರಮ್ ಗನ್ ಹಿಲ್’ ಈ ಇಕ್ಕಟ್ಟನ್ನು ಒಂದೂವರೆ ಗಂಟೆಯ ಆಸುಪಾಸಿನ ಅವಧಿಯಲ್ಲಿ, ಅನಗತ್ಯವಾದ ಒಂದು ಉಪಕಥೆಯೂ ಇಲ್ಲದಂತೆ ಕಟ್ಟಿಕೊಟ್ಟ ಚಿತ್ರ. ಅದರ ಕಟ್ಟಡ ಎಷ್ಟು ಗಟ್ಟಿಯಾಗಿದೆಯೋ ಅದು ಎತ್ತಿದ ಪ್ರಶ್ನೆಗೆ ಕೊಟ್ಟ ಉತ್ತರ ಅಷ್ಟು ಗಟ್ಟಿಯಾಗಿಲ್ಲ ಎಂಬುದು ಚಿತ್ರವನ್ನು ಮತ್ತೆ ಮತ್ತೆ ನೋಡಿದವರಿಗೆ ಹೊಳೆಯುವ ಸಂಗತಿ. ಎಂಟು ವರ್ಷಗಳ ತರುವಾಯ ಅದೇ ನಿರ್ದೇಶಕ ಅದೇ ಪ್ರಶ್ನೆಗೆ ಮರಳಿದ್ದು ಕಾಕತಾಳೀಯವೆನಿಸುವುದಿಲ್ಲ.

ಕತೆ ಹೀಗಿದೆ. ತವರಿನಲ್ಲಿ ತಂದೆಯನ್ನು ಕಂಡು, ಚಿಕ್ಕ ಮಗನೊಡನೆ ಕುದುರೆಗಾಡಿಯಲ್ಲಿ ಊರಿಗೆ ಮರಳುತ್ತಿರುವ ಮೂಲನಿವಾಸಿ ಹೆಣ್ಣುಮಗಳೊಬ್ಬಳನ್ನು ಕುಡಿದ ಅಮಲಿನಲ್ಲಿರುವ ಇಬ್ಬರು ಯುವಕರು ಕಾಡುದಾರಿಯಲ್ಲಿ ಅಟ್ಟಿಸಿಕೊಂಡು ಬರುತ್ತಾರೆ. ಅವಳು ಕೈಲಿದ್ದ ಚಾವಟಿಯಿಂದ ಒಬ್ಬನ ಕೆನ್ನೆ ಸೀಳುವಂತೆ ಬಾರಿಸುತ್ತಾಳೆ. ಗಾಡಿ ಮಗುಚಿ ಬೀಳುತ್ತದೆ. ಅವರು ಅವಳ ಮೇಲೆ ಅತ್ಯಾಚಾರವೆಸಗಿ ಕೊಲ್ಲುತ್ತಾರೆ. ಹುಡುಗ ಕೊಲೆಗಡುಕರಲ್ಲೊಬ್ಬನ ಕುದುರೆಯನ್ನೇ ಹತ್ತಿ ತಪ್ಪಿಸಿಕೊಂಡು ಪಾಲಿ ಎಂಬ ತನ್ನೂರನ್ನು ಮುಟ್ಟುತ್ತಾನೆ. ಅವನ ತಂದೆ ಮ್ಯಾಟ್ ಮಾರ್ಗನ್ ಆ ಊರಿನ ಮಾರ್ಷಲ್. ಸತ್ತವಳು ಅವನ ಹೆಂಡತಿ ಕ್ಯಾಥರಿನ್. ಹುಡುಗ ಏರಿಬಂದ ಕುದುರೆಯ ಬೆನ್ನ ಮೇಲಿನ ಜೀನಿನಲ್ಲಿ ‘ಸಿ.ಬಿ.’ ಎಂಬ ಎರಡು ಅಕ್ಷರಗಳಿದ್ದು, ಆ ಜೀನು ಯಾರದೆಂದು ಮಾರ್ಗನ್‌ಗೆ ನೋಡಿದ ಕೂಡಲೇ ತಿಳಿಯುತ್ತದೆ: ಹಿಂದೊಮ್ಮೆ ತನ್ನ ಜೊತೆಗಾರನಾಗಿದ್ದು, ಈಗ ಗನ್ ಹಿಲ್ ಎಂಬ ಪಟ್ಟಣವನ್ನೇ ಅಂಗೈಯಲ್ಲಿಟ್ಟುಕೊಂಡಿರುವ ದನಗಳ ದೊಡ್ಡ ಧಣಿ ಕ್ರೇಗ್ ಬೆಲ್ಡನ್‌ನದು.

ಮಾರ್ಗನ್ ರೈಲು ಹತ್ತಿ ಗನ್ ಹಿಲ್‌ಗೆ ಹೋಗಿ ಗೆಳೆಯನ ಮನೆಯಲ್ಲಿ ಕುಳಿತು ಮಾತಾಡುವ ಸನ್ನಿವೇಶ ಚಿತ್ರದ ಅತ್ಯುತ್ತಮ ಭಾಗ. ಬೆಲ್ಡನ್‌ನ ದೃಷ್ಟಿಯಲ್ಲಿ ಆ ಕುದುರೆ ಮತ್ತು ಜೀನು ಕಳುವಾದ ಸ್ವತ್ತು. ಮಗ ರಿಕ್ ಮನೆಯಲ್ಲಿ ಹೇಳಿರುವುದು ಹಾಗೆ. ಆದ್ದರಿಂದ ಗೆಳೆಯನ ಹೆಂಡತಿಯನ್ನು ಕೊಂದ ಕಳ್ಳರನ್ನು ಹುಡುಕಿಕೊಡುವೆನೆಂದು ಅವನು ಮನಃಪೂರ್ವಕವಾಗಿಯೇ ಮಾತು ಕೊಡುತ್ತಾನೆ. ಅಷ್ಟರಲ್ಲಿ ಮಾರ್ಗನ್ ಕೊಲೆಗಾರನ ಕೆನ್ನೆಯ ಮೇಲೆ ಚಾವಟಿಯ ಬರೆ ಇರಲೇಬೇಕೆಂಬ ವಿವರವನ್ನು ಹೇಳಿದಾಗ, ಮಗನ ಕೆನ್ನೆಯ ಹಸಿ ಗಾಯವನ್ನು ಕಣ್ಣಾರೆ ಕಂಡಿರುವ ತಂದೆಯ ಮುಖ ಬದಲಾಗುತ್ತದೆ. ಬೆಲ್ಡನ್ ಪಾತ್ರದ ಆಂಥನಿ ಕ್ವಿನ್ ಅಲ್ಲಿ ಹೆಚ್ಚೇನನ್ನೂ ಮಾಡುವುದಿಲ್ಲ. ಮಾತಿನ ಲಯ ಒಂದಿಷ್ಟು ತಡವರಿಸುತ್ತದೆ, ನೋಟ ಎದುರಿನವನಿಂದ ಜಾರುತ್ತದೆ, ಅಷ್ಟೆ. ಎದುರಿಗೆ ಕುಳಿತವನು ತನಿಖೆಯ ಕೆಲಸದಲ್ಲೇ ಪಳಗಿದವನಾದ್ದರಿಂದ ಆ ಜಾರುವಿಕೆ ಅವನ ಕಣ್ಣಿಗೂ ಬೀಳುತ್ತದೆ. ಮುಂದಿನ ಮಾತುಗಳಲ್ಲಿ ಬೇಡಿಕೆ, ಆಮಿಷ, ಬೆದರಿಕೆ ಮೂರೂ ಬಂದುಹೋದ ಮೇಲೆ ಮಾರ್ಗನ್ ತಿಳಿಸುವುದು ಇಷ್ಟೇ: ರಾತ್ರಿ ಒಂಬತ್ತರ ಕೊನೆಯ ರೈಲಿಗೆ ತಾನು ಇಬ್ಬರು ಆರೋಪಿಗಳನ್ನು ಕರೆದೊಯ್ಯುವುದು ನಿಶ್ಚಿತ.

ಇಲ್ಲಿಂದ ಕತೆಗೆ ಗಡಿಯಾರ ಕೂಡಿಕೊಳ್ಳುತ್ತದೆ. ಒಂದು ನಿಶ್ಚಿತ ಹೊತ್ತಿಗೆ ಬರಬೇಕಾದ ರೈಲಿಗಾಗಿ ಕಾಯುವುದನ್ನೇ ಉದ್ವೇಗದ ಬೆನ್ನೆಲುಬಾಗಿಸುವ ತಂತ್ರವನ್ನು ಫ್ರೆಡ್ ಝಿನೆಮನ್‌ನ ‘ಹೈ ನೂನ್’ 1952ರಲ್ಲಿಯೇ ಪ್ರಸಿದ್ಧಿಗೆ ತಂದಿತ್ತು. 1957ರ ‘3:10 ಟು ಯೂಮಾ’ದಲ್ಲಿ ಡೆಲ್ಮರ್ ಡೇವ್ಸ್ ಅದಕ್ಕೆ ಹೋಟೆಲಿನ ಕೋಣೆಯೊಂದರಲ್ಲಿ ಕೈದಿಯನ್ನು ಕಾಯುತ್ತ ಕೂರುವ ಸನ್ನಿವೇಶವನ್ನು ಸೇರಿಸಿದ್ದ. ಸ್ಟರ್ಜಸ್‌ನ ಚಿತ್ರಕ್ಕೆ ಇವೆರಡರ ಋಣವೂ ಇದೆ; ‘ಹೈ ನೂನ್’ಗೆ ಸಂಗೀತ ನೀಡಿ ಎರಡು ಆಸ್ಕರ್ ಗೆದ್ದಿದ್ದ ಡಿಮಿಟ್ರಿ ಟಿಯೋಮ್ಕಿನ್‌ನೇ ಇದಕ್ಕೂ ಸಂಗೀತ ನಿರ್ದೇಶಕ. ಆದರೆ ‘3:10 ಟು ಯೂಮಾ’ದಲ್ಲಿ ಕೈದಿಯನ್ನು ಕಾಯುವವನು ಬರಗಾಲದಲ್ಲಿ ಕೈಸೋತು ಹಣಕ್ಕಾಗಿ ಆ ಕೆಲಸ ಒಪ್ಪಿಕೊಂಡ ರೈತ, ಕೈದಿಯ ಮೇಲೆ ಅವನಿಗೆ ವೈಯಕ್ತಿಕ ಹಗೆಯಿಲ್ಲ. ಇಲ್ಲಿ ಮಂಚಕ್ಕೆ ಬೇಡಿ ಬಿಗಿದು ಕೂರಿಸಲ್ಪಟ್ಟವನು ಕಾಯುವವನ ಹೆಂಡತಿಯನ್ನು ಕೊಂದವನು. ಸಲೂನಿನಲ್ಲಿ, ಅಂದರೆ ಆ ಕಾಲದ ಪಟ್ಟಣಗಳ ಹೆಂಡದಂಗಡಿಯಲ್ಲಿ, ಸಿಕ್ಕ ರಿಕ್‌ನನ್ನು ಸೆರೆಹಿಡಿದು ಹೋಟೆಲಿನ ಮೇಲಂತಸ್ತಿಗೆ ತಂದ ಕ್ಷಣದಿಂದ ಮಾರ್ಗನ್‌ಗೆ ಕೆಳಗಿನ ಬೀದಿಯಲ್ಲಿ ನೆರೆದ ಬೆಲ್ಡನ್‌ನ ಬಂದೂಕುಧಾರಿಗಳಷ್ಟೇ ಅಪಾಯಕಾರಿಯಾದ ಇನ್ನೊಬ್ಬ ಎದುರಾಳಿಯೆಂದರೆ ಸ್ವತಃ ಅವನೇ.

ಆ ಕೋಣೆಯ ಒಂದು ಸನ್ನಿವೇಶವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಿಕ್ ತನ್ನ ತಂದೆಯ ಬಲವನ್ನು ನೆಚ್ಚಿ ಅಬ್ಬರಿಸುತ್ತಿರುವಾಗ, ಕರ್ಕ್ ಡಗ್ಲಸ್‌ನ ಮಾರ್ಗನ್ ದನಿಯೇರಿಸದೆ, ಹೆಚ್ಚು ಕಡಿಮೆ ಪಾಠ ಒಪ್ಪಿಸುವವನಂತೆ, ಅವನ ಮುಂದಿನ ದಿನಗಳು ಹೇಗಿರುತ್ತವೆಂಬುದನ್ನು ವಿವರಿಸತೊಡಗುತ್ತಾನೆ. ತನ್ನ ಕೈಯಾರೆ ಕೊಲ್ಲುವುದು ಸುಲಭ, ಆದರೆ ಕಾನೂನು ಕೊಲ್ಲುವ ಬಗೆ ಅದಕ್ಕಿಂತ ನಿಧಾನವಾದದ್ದು. ವಿಚಾರಣೆ ನಡೆಯುತ್ತದೆ, ತೀರ್ಪು ಬರುತ್ತದೆ, ಸೆರೆಮನೆಯಲ್ಲಿ ದಿನ ಎಣಿಸಬೇಕಾಗುತ್ತದೆ, ಕೊನೆಗೆ ನೇಣಿನ ಹಗ್ಗ ಬರುತ್ತದೆ ಎಂಬುದು ಆ ಮಾತಿನ ಸಾರ. ಕೇಳುತ್ತ ಹೋದಂತೆ ರಿಕ್‌ನ ಅಬ್ಬರ ಇಳಿದು ಹೆದರಿಕೆ ಮೂಡುತ್ತದೆ. ಚಿತ್ರದ ಇಡೀ ನೈತಿಕ ಸಮಸ್ಯೆ ಈ ಮಾತಿನಲ್ಲಿದೆ. ಮೇಲುನೋಟಕ್ಕೆ ಮಾರ್ಗನ್ ಸೇಡನ್ನು ಬಿಟ್ಟು ಕಾನೂನನ್ನು ಆರಿಸಿಕೊಂಡಿದ್ದಾನೆ, ಅವನ ಜೇಬಿನಲ್ಲಿ ದಸ್ತಗಿರಿಯ ವಾರಂಟುಗಳಿವೆ. ಆದರೆ ಅವನು ಕಾನೂನನ್ನು ಆರಿಸಿಕೊಂಡಿರುವುದು ಅದು ಸೇಡಿಗಿಂತ ಹೆಚ್ಚು ಯಾತನೆ ಕೊಡುತ್ತದೆಂಬ ಕಾರಣಕ್ಕೋ ಎಂಬ ಅನುಮಾನ ಪ್ರೇಕ್ಷಕನಲ್ಲಿ ಹುಟ್ಟದಿರದು. ನ್ಯಾಯಾಲಯವೆಂಬುದು ಇಲ್ಲಿ ವೈರಕ್ಕೆ ಬದಲಾಗಿ ಬಂದ ವ್ಯವಸ್ಥೆಯಾಗಿ ಕಾಣದೆ ವೈರದ ಕೈಗೆ ಸಿಕ್ಕ ಅತಿ ಹರಿತವಾದ ಆಯುಧವಾಗಿ ಕಾಣುತ್ತದೆ.

ಈ ವಾರಂಟುಗಳ ಮಹತ್ವ ತಿಳಿಯಲು ಆ ಕಾಲದ ಅಮೆರಿಕದ ಪೊಲೀಸ್ ವ್ಯವಸ್ಥೆಯ ಬಗ್ಗೆ ಒಂದೆರಡು ಮಾತು ಅಗತ್ಯ. ಚಿತ್ರಗಳಲ್ಲಿ ನಕ್ಷತ್ರದ ಬಿಲ್ಲೆ ಧರಿಸಿದವರೆಲ್ಲ ಒಂದೇ ರೀತಿ ಕಂಡರೂ ಅವರ ಅಧಿಕಾರದ ಮೂಲ ಬೇರೆ ಬೇರೆ. ಶೆರಿಫ್ ಎಂಬವನು ಕೌಂಟಿಯ, ಎಂದರೆ ನಮ್ಮ ಜಿಲ್ಲೆಗೆ ಸುಮಾರಾಗಿ ಹೋಲಿಸಬಹುದಾದ ಆಡಳಿತ ಘಟಕದ, ಮತದಾರರಿಂದ ಆರಿಸಿಬಂದವನು. ಆದ್ದರಿಂದ ಮತ ಕೊಡಿಸಬಲ್ಲ ಧಣಿಗಳ ಮಾತನ್ನು ಮೀರುವುದು ಅವನಿಗೆ ಕಷ್ಟ. ಊರ ಮಾರ್ಷಲ್ ಪಟ್ಟಣದ ಆಡಳಿತಕ್ಕೆ ಸೇರಿದವನು. ಇವರಿಬ್ಬರಿಂದಲೂ ಭಿನ್ನನಾದ ಯುನೈಟೆಡ್ ಸ್ಟೇಟ್ಸ್ ಮಾರ್ಷಲ್‌ನ ಹುದ್ದೆಯನ್ನು 1789ರ ನ್ಯಾಯಾಂಗ ಕಾಯಿದೆ ಸೃಷ್ಟಿಸಿತು. ಅವನನ್ನು ನೇಮಿಸುವವನು ದೇಶದ ಅಧ್ಯಕ್ಷ, ಅವನು ಉತ್ತರ ಕೊಡಬೇಕಾದದ್ದು ಕೇಂದ್ರ ಸರ್ಕಾರದ ನ್ಯಾಯಾಲಯಕ್ಕೆ, ಅವನ ಮುಖ್ಯ ಕೆಲಸ ಆ ನ್ಯಾಯಾಲಯದ ಆದೇಶ ಮತ್ತು ವಾರಂಟುಗಳನ್ನು ಜಾರಿಗೊಳಿಸುವುದು. ಗನ್ ಹಿಲ್‌ನ ಸ್ಥಳೀಯ ಕಾನೂನು ಪಾಲಕ ಬೆಲ್ಡನ್‌ನ ಹಂಗಿನಲ್ಲಿರುವುದರಿಂದ ಮಾರ್ಗನ್ ತಂದ ಕಾಗದಕ್ಕೆ ಅಲ್ಲಿ ಕಿಮ್ಮತ್ತಿಲ್ಲ. ಕಾಗದದ ಹಿಂದೆ ಇರುವ ಸರ್ಕಾರ ರೈಲಿನ ಇನ್ನೊಂದು ತುದಿಯಲ್ಲೆಲ್ಲೋ ಇದೆ. ಕೊನೆಯ ರೈಲನ್ನು ಹಿಡಿಯಬೇಕೆಂಬ ಹಟಕ್ಕೆ ಕಥನತಂತ್ರದ ಆಚೆಗಿನ ಅರ್ಥ ಬರುವುದು ಹೀಗೆ.

ಬೆಲ್ಡನ್‌ನಂಥ ಪಾಳೇಗಾರರು ಕತೆಗಾರರ ಕಲ್ಪನೆಯೂ ಅಲ್ಲ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಸ್‌ನ ದನಗಳ ಹಿಂಡುಗಳನ್ನು ಕ್ಯಾನ್ಸಸ್‌ನ ರೈಲು ನಿಲ್ದಾಣಗಳಿಗೆ ಹೊಡೆದುಕೊಂಡು ಹೋಗಿ, ಅಲ್ಲಿಂದ ಪೂರ್ವದ ನಗರಗಳ ಮಾಂಸದ ಮಾರುಕಟ್ಟೆಗೆ ಕಳಿಸುವ ವ್ಯಾಪಾರ ಬೆಳೆಯಿತು. 1867ರಿಂದ ಆಬಿಲೀನ್ ಪಟ್ಟಣ ಈ ವಹಿವಾಟಿನ ಕೇಂದ್ರವಾಯಿತು. ಸರ್ಕಾರಿ ಹುಲ್ಲುಗಾವಲುಗಳಲ್ಲಿ ಬೇಲಿಯಿಲ್ಲದೆ ದನ ಮೇಯಿಸಿ ಶ್ರೀಮಂತರಾದವರು ಕ್ರಮೇಣ ಆ ನೆಲವೆಲ್ಲ ತಮ್ಮದೆಂಬಂತೆ ವರ್ತಿಸತೊಡಗಿದರು. 1892ರ ಏಪ್ರಿಲ್‌ನಲ್ಲಿ ವಯೋಮಿಂಗ್‌ನ ದನಗಳ ಧಣಿಗಳು ಟೆಕ್ಸಸ್‌ನಿಂದ ಬಾಡಿಗೆ ಬಂದೂಕುಧಾರಿಗಳನ್ನು ಕರೆಸಿಕೊಂಡು, ತಮಗೆ ಬೇಡವಾದ ಸಣ್ಣ ರೈತರನ್ನು ದನಗಳ್ಳರೆಂದು ಹೆಸರಿಸಿ ಕೊಲ್ಲಲು ಜಾನ್ಸನ್ ಕೌಂಟಿಗೆ ದಂಡೆತ್ತಿ ಹೋದರು. ನೇಟ್ ಚಾಂಪಿಯನ್ ಎಂಬವನನ್ನೂ ಅವನ ಸಂಗಾತಿಯನ್ನೂ ಕೊಂದರು; ಊರವರೇ ತಿರುಗಿಬಿದ್ದು ಮುತ್ತಿದಾಗ ಅಧ್ಯಕ್ಷ ಹ್ಯಾರಿಸನ್‌ನ ಆದೇಶದಂತೆ ಸೈನ್ಯ ಬಂದು ಧಣಿಗಳ ಜೀವ ಉಳಿಸಿತು. ಮರುವರ್ಷ ಮೊಕದ್ದಮೆ ಬಿದ್ದುಹೋಯಿತು, ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ರೈಲು ಹತ್ತಿ ನ್ಯಾಯಾಲಯ ಮುಟ್ಟಿದರೆ ಎಲ್ಲವೂ ಸರಿಹೋಗುತ್ತದೆಂಬ ಮಾರ್ಗನ್‌ನ ನಂಬಿಕೆಯನ್ನು ಇತಿಹಾಸ ಅಷ್ಟೇನೂ ಬೆಂಬಲಿಸುವುದಿಲ್ಲ.

ಕೊಲೆಯಾದವಳು ಮೂಲನಿವಾಸಿ ಹೆಣ್ಣು ಎಂಬ ಅಂಶವೂ ಇದೇ ನಂಬಿಕೆಯನ್ನು ಅಲುಗಿಸುತ್ತದೆ. ಅಮೆರಿಕದ ಇಂಡಿಯನ್ನರೆಂದು ಆಗ ಕರೆಯಲ್ಪಡುತ್ತಿದ್ದ ಮೂಲನಿವಾಸಿಗಳು ಕಾನೂನಿನ ದೃಷ್ಟಿಯಲ್ಲಿ ‘ವ್ಯಕ್ತಿ’ಗಳು ಹೌದೋ ಅಲ್ಲವೋ ಎಂಬುದೇ 1879ರಲ್ಲಿ ಒಮಾಹಾ ನಗರದ ನ್ಯಾಯಾಲಯದಲ್ಲಿ ವಾದಕ್ಕೆ ಬಂದಿತ್ತು, ಪೊಂಕಾ ಬುಡಕಟ್ಟಿನ ಮುಖಂಡ ಸ್ಟ್ಯಾಂಡಿಂಗ್ ಬೇರ್‌ನ ಮೊಕದ್ದಮೆಯಲ್ಲಿ ನ್ಯಾಯಾಧೀಶ ಡಂಡಿ ಹೌದೆಂದು ತೀರ್ಪಿತ್ತದ್ದು ಆಗ ದೊಡ್ಡ ಸುದ್ದಿಯಾಯಿತು. ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ. ಬಿಳಿಯ ಧಣಿಯ ಮಗನೊಬ್ಬ ಇಂಥ ಹೆಣ್ಣೊಬ್ಬಳನ್ನು ಕೊಂದನೆಂದು ನೇಣಿಗೇರಿಸಲು ಹೊರಟವನನ್ನು ಗನ್ ಹಿಲ್‌ನ ಜನ ಹುಬ್ಬೇರಿಸಿ ನೋಡುವುದರಲ್ಲಿ ಆಶ್ಚರ್ಯವಿಲ್ಲ. ಹೀಗೆ ಹೇಳಿದ ಮೇಲೂ ಚಿತ್ರದ ಒಂದು ಕೊರತೆಯನ್ನು ಮುಚ್ಚಿಡಲಾಗದು. ಕ್ಯಾಥರಿನ್ ತೆರೆಯ ಮೇಲೆ ಇರುವುದು ಆರಂಭದ ಕೆಲವು ನಿಮಿಷ ಮಾತ್ರ. ಚಾವಟಿ ಬೀಸಿದ ಆ ಒಂದು ಧೀರ ಕ್ಷಣವನ್ನು ಬಿಟ್ಟರೆ ಅವಳು ಯಾರು, ಅವಳ ತವರಿನವರು ಈ ಸಾವನ್ನು ಹೇಗೆ ಕಂಡರು ಎಂಬುದರತ್ತ ಕತೆ ತಿರುಗಿಯೂ ನೋಡುವುದಿಲ್ಲ. ಆ ಪಾತ್ರವನ್ನು ವಹಿಸಿದವಳು ಹೈಫಾದಲ್ಲಿ ಹುಟ್ಟಿದ ಇಸ್ರೇಲಿ ನಟಿ ಝೀವಾ ರೊಡಾನ್. ವರ್ಣದ್ವೇಷವನ್ನು ಖಂಡಿಸುವ ಚಿತ್ರಗಳಲ್ಲಿಯೂ ಮೂಲನಿವಾಸಿಗಳ ಪಾತ್ರಗಳನ್ನು ಬೇರೆಯವರಿಂದ ಮಾಡಿಸುವುದು ಆಗಿನ ಹಾಲಿವುಡ್‌ನ ರೂಢಿಯಾಗಿತ್ತು.

ನಟರ ಆಯ್ಕೆಯ ಉಳಿದ ಭಾಗವಂತೂ ಚಿತ್ರದ ನಿಜವಾದ ಬಲ. ಡಗ್ಲಸ್ ಮತ್ತು ಕ್ವಿನ್ ಮೂರು ವರ್ಷ ಮೊದಲು, 1956ರ ‘ಲಸ್ಟ್ ಫಾರ್ ಲೈಫ್’ನಲ್ಲಿ, ವ್ಯಾನ್ ಗೋ ಮತ್ತು ಗೊಗ್ಯಾನ್ ಎಂಬ ಇಬ್ಬರು ವರ್ಣಚಿತ್ರಕಾರರಾಗಿ, ಒಬ್ಬರನ್ನೊಬ್ಬರು ಬಿಟ್ಟಿರಲಾರದ, ಜೊತೆಗಿದ್ದರೆ ಜಗಳವಾಡದಿರಲಾರದ ಗೆಳೆಯರಾಗಿ ಅಭಿನಯಿಸಿದ್ದರು, ಕ್ವಿನ್‌ಗೆ ಆ ಪಾತ್ರಕ್ಕಾಗಿ ಎರಡನೆಯ ಆಸ್ಕರ್ ದೊರೆತಿತ್ತು. ಆ ಹಳೆಯ ಸಲಿಗೆ ಮಾರ್ಗನ್ ಮತ್ತು ಬೆಲ್ಡನ್‌ರ ನಡುವೆಯೂ ಹರಿಯುತ್ತದೆ. ಬೆಲ್ಡನ್‌ನನ್ನು ಕೇವಲ ಖಳನನ್ನಾಗಿ ಮಾಡದೆ, ಹೆಂಡತಿಯನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಗಂಡಸುತನದ ಹೆಸರಿನಲ್ಲಿ ಕೆಡಿಸಿದ ತಂದೆಯನ್ನಾಗಿ ಚಿತ್ರಿಸಿದ್ದರಿಂದ ಪ್ರೇಕ್ಷಕನ ಮನಸ್ಸು ಎರಡೂ ಕಡೆ ಎಳೆಯಲ್ಪಡುತ್ತದೆ. ಇಬ್ಬರೂ ಹೆಂಡತಿಯಿಲ್ಲದವರು, ಇಬ್ಬರಿಗೂ ಒಬ್ಬನೇ ಮಗ; ಆದರೆ ಚಿತ್ರಕಥೆ ಬರೆದ ಜೇಮ್ಸ್ ಪೋ ಈ ಸಾಮ್ಯವನ್ನು ಬಾಯಿಬಿಟ್ಟು ಹೇಳಿಸದೆ ಕೊನೆಯವರೆಗೂ ತಡೆಹಿಡಿಯುತ್ತಾನೆ. ಬೆಲ್ಡನ್ ಹೊಡೆದು ಬಡಿದು ಆಸ್ಪತ್ರೆ ಸೇರಿಸಿದ್ದ ಅವನ ಪ್ರೇಯಸಿ ಲಿಂಡಾಳಾಗಿ ಕ್ಯಾರೊಲಿನ್ ಜೋನ್ಸ್ ಕಾಣಿಸಿಕೊಂಡಿದ್ದಾಳೆ. ಊರ ಗಂಡಸರೆಲ್ಲ ಹಿಂಜರಿದು ನಿಂತಾಗ ಜೋಡಿನಳಿಗೆಯ ಬಂದೂಕೊಂದನ್ನು ಗುಟ್ಟಾಗಿ ಹೋಟೆಲಿನ ಕೋಣೆಗೆ ತಲುಪಿಸುವವಳು ಅವಳೇ. ಎರಡನೆಯ ಕೊಲೆಗಾರ ಲೀ ಸ್ಮಿದರ್ಸ್‌ನ ಪಾತ್ರ ಮಾಡಿದ ಬ್ರಯಾನ್ ಹಟನ್ ಮುಂದೆ ನಟನೆ ಬಿಟ್ಟು ನಿರ್ದೇಶಕನಾಗಿ, ನಮ್ಮ ನಗರಗಳ ಚಿತ್ರಮಂದಿರಗಳಲ್ಲಿಯೂ ಬಹಳ ಜನ ನೋಡಿದ ‘ವೇರ್ ಈಗಲ್ಸ್ ಡೇರ್’ ಅನ್ನು 1968ರಲ್ಲಿ ತಯಾರಿಸಿಕೊಟ್ಟದ್ದು ಇನ್ನೊಂದು ಸ್ವಾರಸ್ಯ.

ಚಿತ್ರದ ದೃಶ್ಯವೈಭವಕ್ಕೆ ಛಾಯಾಗ್ರಾಹಕ ಚಾರ್ಲ್ಸ್ ಲ್ಯಾಂಗ್ ಬಳಸಿದ ವಿಸ್ಟಾವಿಷನ್ ಪದ್ಧತಿಯೂ ಕಾರಣ. ಟೆಲಿವಿಷನ್ನಿನ ಪೈಪೋಟಿಯನ್ನು ಎದುರಿಸಲು ಪ್ಯಾರಾಮೌಂಟ್ 1954ರಲ್ಲಿ ಜಾರಿಗೆ ತಂದ ಈ ಪದ್ಧತಿಯಲ್ಲಿ ಸಾಧಾರಣ 35 ಮಿಲಿಮೀಟರ್ ಫಿಲ್ಮೇ ಕ್ಯಾಮೆರಾದೊಳಗೆ ಮೇಲಿನಿಂದ ಕೆಳಕ್ಕೆ ಓಡುವ ಬದಲು ಅಡ್ಡಲಾಗಿ ಓಡುತ್ತಿದ್ದುದರಿಂದ ಪ್ರತಿಯೊಂದು ಚೌಕಟ್ಟಿಗೂ ಹೆಚ್ಚು ಜಾಗ ಸಿಕ್ಕಿ, ದೊಡ್ಡ ಪರದೆಯ ಮೇಲೂ ಚಿತ್ರ ಕಾಳುಕಾಳಾಗದೆ ಸ್ಫುಟವಾಗಿ ಕಾಣುತ್ತಿತ್ತು. ಸ್ಟರ್ಜಸ್ ಈ ಅಗಲವನ್ನು ಬಯಲಿನ ಅಂದಕ್ಕಿಂತ ಹೆಚ್ಚಾಗಿ ಮನುಷ್ಯರ ನಡುವಿನ ಅಂತರವನ್ನು ಅಳೆಯಲು ಬಳಸುತ್ತಾನೆ. ಅವನ 1955ರ ‘ಬ್ಯಾಡ್ ಡೇ ಅಟ್ ಬ್ಲ್ಯಾಕ್ ರಾಕ್’ನಲ್ಲಿಯೂ ಅಪರಿಚಿತನೊಬ್ಬ ರೈಲಿನಿಂದಿಳಿದು, ಅಪರಾಧವೊಂದನ್ನು ಮುಚ್ಚಿಹಾಕಿದ ಊರಿನ ಮೌನವನ್ನು ಎದುರಿಸುತ್ತಾನೆ, ಖಾಲಿ ಬೀದಿಯ ಒಂದು ಬದಿಯಲ್ಲಿ ಒಂಟಿ ಮನುಷ್ಯ, ಇನ್ನೊಂದು ಬದಿಯಲ್ಲಿ ಕೈಕಟ್ಟಿ ನಿಂತ ಊರು ಎಂಬ ಜೋಡಣೆ ಈ ನಿರ್ದೇಶಕನಿಗೆ ಒಲಿದ ಚಿತ್ರ.

ಕೊನೆಯ ಭಾಗದಲ್ಲಿ ಆ ಜೋಡಣೆ ತೀಕ್ಷ್ಣವಾಗುತ್ತದೆ. ಮಾರ್ಗನ್‌ನನ್ನು ಹೊರಗೆ ಬರಿಸಲು ಲೀ ಹೋಟೆಲಿಗೆ ಬೆಂಕಿ ಹಚ್ಚುತ್ತಾನೆ. ಉರಿಯುವ ಕಟ್ಟಡದಿಂದ ಹೊರಬಿದ್ದ ಮಾರ್ಗನ್, ಜೋಡಿನಳಿಗೆಯ ಬಾಯನ್ನು ರಿಕ್‌ನ ಗದ್ದದ ಕೆಳಗೆ ಒತ್ತಿಹಿಡಿದು, ಟ್ರಿಗರಿನ ಮೇಲಿನ ಬೆರಳನ್ನು ಸಡಿಲಿಸದೆ ಗಾಡಿಯಲ್ಲಿ ನಿಲ್ದಾಣದತ್ತ ಸಾಗುತ್ತಾನೆ. ಬೆಲ್ಡನ್ ಮತ್ತವನ ಆಳುಗಳು ಬಂದೂಕು ಹಿಡಿದೂ ಏನೂ ಮಾಡಲಾಗದೆ ನೋಡುತ್ತಾರೆ, ಏಕೆಂದರೆ ಯಾರು ಗುಂಡು ಹಾರಿಸಿದರೂ ಬೆರಳು ಅದುರಿ ರಿಕ್‌ನ ತಲೆ ಹಾರಿಹೋಗುವುದು ಖಂಡಿತ. ಕೈದಿಯ ಪ್ರಾಣ ಕಾಯಬೇಕಾದ ಅಧಿಕಾರಿ ಅದೇ ಪ್ರಾಣವನ್ನು ಒತ್ತೆಯಿಟ್ಟು ಕಾನೂನನ್ನು ಜಾರಿಗೊಳಿಸುತ್ತಿದ್ದಾನೆ. ಚಿತ್ರ ಇಲ್ಲಿಯವರೆಗೆ ತನ್ನ ಪ್ರಶ್ನೆಯನ್ನು ಬಿಟ್ಟುಕೊಟ್ಟಿಲ್ಲ.

ನಿಲ್ದಾಣದಲ್ಲಿ ಬಿಟ್ಟುಕೊಡುತ್ತದೆ. ಮಾರ್ಗನ್‌ನನ್ನು ಗುರಿಯಿಟ್ಟ ಲೀಯ ಗುಂಡು ರಿಕ್‌ನಿಗೆ ತಗುಲಿ ಅವನು ಸಾಯುತ್ತಾನೆ, ಮಾರ್ಗನ್‌ನ ಬಂದೂಕಿಗೆ ಲೀ ಬಲಿಯಾಗುತ್ತಾನೆ. ಮಗನ ಹೆಣದೆದುರು ನಿಂತ ಬೆಲ್ಡನ್ ಗೆಳೆಯನನ್ನು ದ್ವಂದ್ವಕ್ಕೆ ಕರೆಯುತ್ತಾನೆ; ಮನಸ್ಸಿಲ್ಲದ ಮನಸ್ಸಿನಿಂದ ತಿರುಗಿ ನಿಂತ ಮಾರ್ಗನ್‌ನ ಗುಂಡಿಗೆ ಅವನೂ ಬೀಳುತ್ತಾನೆ. ಸಾಯುವ ಮುನ್ನ ಬೆಲ್ಡನ್ ಕೇಳುವುದು ಮಾರ್ಗನ್‌ನ ಮಗನ ಹೆಸರನ್ನು, ಹೇಳುವುದು ಅವನನ್ನು ಚೆನ್ನಾಗಿ ಬೆಳೆಸೆಂಬ ಮಾತನ್ನು. ಕ್ವಿನ್‌ನ ಅಭಿನಯದಿಂದಾಗಿ ಈ ಗಳಿಗೆ ಮನ ಕಲಕುವಂತಿದ್ದರೂ, ಕತೆಯ ತರ್ಕದ ದೃಷ್ಟಿಯಿಂದ ಇಲ್ಲೊಂದು ಜಾಣತನದ ನುಸುಳುವಿಕೆ ನಡೆದಿದೆ. ಮಾರ್ಗನ್ ಮಾತು ಕೊಟ್ಟದ್ದು ನ್ಯಾಯಾಲಯದ ಕಟಕಟೆಗೆ, ಆದರೆ ವಾರಂಟುಗಳಲ್ಲಿ ಹೆಸರಿದ್ದ ಇಬ್ಬರಲ್ಲಿ ಒಬ್ಬನೂ ಅಲ್ಲಿಗೆ ತಲುಪಲಿಲ್ಲ. ಮುಖ್ಯ ಅಪರಾಧಿಯನ್ನು ಅವನ ಸಂಗಾತಿಯೇ ಕೈತಪ್ಪಿ ಕೊಂದದ್ದರಿಂದ ನಾಯಕನ ಕೈಗೆ ರಕ್ತ ಅಂಟಲಿಲ್ಲ, ಲೀಯನ್ನು ಕೊಂದದ್ದು ಆತ್ಮರಕ್ಷಣೆಯ ಲೆಕ್ಕಕ್ಕೆ ಹೋಯಿತು, ಸೇಡೂ ತೀರಿತು, ಕಾನೂನೂ ಮುರಿಯಲಿಲ್ಲ. ರಿಕ್‌ನನ್ನು ನಿಜವಾಗಿ ರೈಲು ಹತ್ತಿಸಿ, ಜಾನ್ಸನ್ ಕೌಂಟಿಯ ಧಣಿಗಳಂತೆ ಅವನೂ ಖುಲಾಸೆಯಾಗಿ ನಗುತ್ತ ಹೊರಬಂದಿದ್ದರೆ ಮಾರ್ಗನ್ ಏನು ಮಾಡುತ್ತಿದ್ದನೆಂಬುದೇ ಚಿತ್ರ ಎತ್ತಿದ್ದ ಪ್ರಶ್ನೆ. ಅದನ್ನು ಎದುರಿಸುವ ಹೊಣೆಯಿಂದ ಚಿತ್ರಕಥೆ ಒಂದು ಗುರಿ ತಪ್ಪಿದ ಗುಂಡಿನ ನೆರವಿನಿಂದ ಪಾರಾಗಿದೆ.

ಈ ಬಗೆಯ ನುಣುಚಿಕೊಳ್ಳುವಿಕೆಗೆ ಹಾಲಿವುಡ್‌ ಒಂದೇ ಹೊಣೆಯೆನ್ನುವಂತಿಲ್ಲ. ಸ್ಟರ್ಜಸ್ 1960ರಲ್ಲಿ, ಕುರೊಸಾವಾನ ‘ಸೆವೆನ್ ಸಮುರಾಯ್’ ಅನ್ನು ಆಧರಿಸಿ ಮಾಡಿದ ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ ಚಿತ್ರದ ಪ್ರಭಾವವನ್ನು ಒಳಗೊಂಡು, ರಾಮನಗರದ ಬಂಡೆಗುಡ್ಡಗಳ ನಡುವೆ ಚಿತ್ರೀಕರಣಗೊಂಡ ರಮೇಶ್ ಸಿಪ್ಪಿಯ ‘ಶೋಲೆ’ಯಲ್ಲಿಯೂ (1975) ಸೇಡಿಗೆ ನಿಂತವನು ಮಾಜಿ ಪೊಲೀಸ್ ಅಧಿಕಾರಿ. ಕುಟುಂಬವನ್ನೂ ಎರಡೂ ತೋಳುಗಳನ್ನೂ ಕಳೆದುಕೊಂಡ ಠಾಕೂರ್ ಬಲದೇವ್ ಸಿಂಗ್ ಮೊಳೆ ಹೊಡೆದ ಪಾದರಕ್ಷೆಯಿಂದ ಗಬ್ಬರ್‌ನನ್ನು ತುಳಿದು ಕೊಲ್ಲುವುದು ನಿರ್ದೇಶಕನ ಮೂಲ ಉದ್ದೇಶವಾಗಿತ್ತು. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ, ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನನ್ನು ಕೈಗೆತ್ತಿಕೊಳ್ಳುವುದನ್ನು ಸೆನ್ಸಾರ್ ಮಂಡಳಿ ಒಪ್ಪದಿದ್ದುದರಿಂದ, ಕೊನೆಯ ಗಳಿಗೆಯಲ್ಲಿ ಪೊಲೀಸರು ಬಂದು ಗಬ್ಬರ್‌ನನ್ನು ಹಿಡಿದೊಯ್ಯುವ ಮುಕ್ತಾಯವನ್ನು ಹೊಸದಾಗಿ ಚಿತ್ರಿಸಬೇಕಾಯಿತು. ಆರು ವರ್ಷ ತರುವಾಯ ಬಂದ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಅಂತ’ದಲ್ಲಿ ಅಂಬರೀಶ್ ಅವರ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್ ಇಂಥ ಸಂಕೋಚವನ್ನೆಲ್ಲ ಬದಿಗಿಟ್ಟವನು, ಆ ಚಿತ್ರದ ಕ್ರೌರ್ಯದ ಬಗ್ಗೆ ಎದ್ದ ಗದ್ದಲಕ್ಕೆ ಅದರಲ್ಲಿದ್ದ ರಕ್ತ ಎಷ್ಟು ಕಾರಣವೋ ವ್ಯವಸ್ಥೆಯ ಮೇಲಿನ ಅದರ ಅಪನಂಬಿಕೆಯೂ ಅಷ್ಟೇ ಕಾರಣವೆಂದು ತೋರುತ್ತದೆ.

ಸ್ಟರ್ಜಸ್ ತನ್ನ ಪ್ರಶ್ನೆಗೆ ಮರಳಿದ್ದು 1967ರ ‘ಅವರ್ ಆಫ್ ದ ಗನ್’ನಲ್ಲಿ. ಅದಕ್ಕೆ ಹತ್ತು ವರ್ಷ ಹಿಂದೆ ಅವನೇ ‘ಗನ್‌ಫೈಟ್ ಅಟ್ ದ ಓ.ಕೆ. ಕೊರಾಲ್’ ಎಂಬ ಚಿತ್ರದಲ್ಲಿ ವಾಯಟ್ ಅರ್ಪ್ ಮತ್ತವನ ಸೋದರರು ಅರಿಜೋನಾದ ಟೂಮ್‌ಸ್ಟೋನ್ ಪಟ್ಟಣದಲ್ಲಿ 1881ರ ಅಕ್ಟೋಬರ್ 26ರಂದು ನಡೆಸಿದ ಪ್ರಸಿದ್ಧ ಗುಂಡಿನ ಕಾಳಗವನ್ನು ಕತೆಯ ಶಿಖರವಾಗಿಸಿ, ವೀರಗಾಥೆಯಂತೆ ಹಾಡಿ ಮುಗಿಸಿದ್ದ. ಹೊಸ ಚಿತ್ರ ಶುರುವಾಗುವುದೇ ಆ ಕಾಳಗದಿಂದ. ಉಳಿದದ್ದೆಲ್ಲ ಅದರ ಪರಿಣಾಮ. ಡಿಸೆಂಬರ್‌ನಲ್ಲಿ ವೈರಿಗಳು ವಾಯಟ್‌ನ ಅಣ್ಣ ವರ್ಜಿಲ್‌ನ ಮೇಲೆ ಹೊಂಚುಹಾಕಿ ಗುಂಡು ಹಾರಿಸಿ ಅವನ ತೋಳನ್ನು ಊನಗೊಳಿಸಿದರು, 1882ರ ಮಾರ್ಚ್ 18ರಂದು ತಮ್ಮ ಮಾರ್ಗನ್ ಅರ್ಪ್‌ನನ್ನು ಕೊಂದರು. ಡೆಪ್ಯುಟಿ ಯುನೈಟೆಡ್ ಸ್ಟೇಟ್ಸ್ ಮಾರ್ಷಲ್ ಆಗಿ ನೇಮಕಗೊಂಡಿದ್ದ ವಾಯಟ್ ವಾರಂಟುಗಳನ್ನು ಜೇಬಿಗಿಟ್ಟುಕೊಂಡು ಶಂಕಿತರ ಬೆನ್ನು ಹತ್ತಿದ. ಎರಡೇ ದಿನಗಳಲ್ಲಿ ಟೂಸಾನ್‌ನ ರೈಲು ನಿಲ್ದಾಣದ ಬಳಿ ಅವರಲ್ಲೊಬ್ಬನಾದ ಫ್ರಾಂಕ್ ಸ್ಟಿಲ್‌ವೆಲ್‌ನ ಗುಂಡು ಹೊಕ್ಕ ಹೆಣ ಬಿತ್ತು.

ಜೇಮ್ಸ್ ಗಾರ್ನರ್ ಅಭಿನಯಿಸಿದ ಈ ವಾಯಟ್, ಡಗ್ಲಸ್‌ನ ಮಾರ್ಷಲ್‌ನಂತೆ ಹಲ್ಲು ಕಚ್ಚಿ ಕೋಪವನ್ನು ತಡೆಯುವವನಲ್ಲ. ಅವನ ಮುಖದಲ್ಲಿ ಕೋಪವೇ ಕಾಣದು. ಕೊಲೆಯಲ್ಲಿ ಕೇವಲ ಕಾವಲು ನಿಂತು ಹಣ ಪಡೆದವನೊಬ್ಬ ಸಿಕ್ಕಿಬಿದ್ದಾಗ, ಅವನಿಗೆ ಪಿಸ್ತೂಲು ಎತ್ತಿಕೊಳ್ಳಲು ತನಗಿಂತ ಒಂದು ಎಣಿಕೆಯಷ್ಟು ಹೆಚ್ಚು ಅವಕಾಶ ಕೊಟ್ಟು, ಮೂರರವರೆಗೆ ಎಣಿಸಿ ಹೊಡೆದು ಕೆಡವುತ್ತಾನೆ. ಮೇಲೆ ಮೇಲೆ ನ್ಯಾಯವಾದ ದ್ವಂದ್ವದಂತೆ ಕಾಣುವ ಇದು ಒಳಗೆ ಕೊಲೆಯೇ ಎಂಬುದು ಪ್ರೇಕ್ಷಕನಿಗೆ ಅರ್ಥವಾಗುವಂತೆ ಸ್ಟರ್ಜಸ್ ಆ ದೃಶ್ಯವನ್ನು ತಣ್ಣಗೆ ಚಿತ್ರಿಸಿದ್ದಾನೆ. ಅದನ್ನು ಬಾಯಿಬಿಟ್ಟು ಹೇಳುವ ಕೆಲಸ ಡಾಕ್ ಹಾಲಿಡೇಯದು. ಜೂಜುಕೋರ, ಕುಡುಕ, ಕ್ಷಯರೋಗಿ, ಕಾನೂನಿನ ಮೇಲೆ ಎಳ್ಳಷ್ಟೂ ಗೌರವವಿಲ್ಲದ ಈ ಗೆಳೆಯನನ್ನು ಜೇಸನ್ ರೊಬಾರ್ಡ್ಸ್ ಅಭಿನಯಿಸಿದ್ದು, ಅವನು ಕೈಲಿರುವುದು ವಾರಂಟುಗಳಲ್ಲ, ಬೇಟೆಯಾಡಲು ಪಡೆದ ಪರವಾನಗಿಗಳು ಎಂದು ವಾಯಟ್‌ನನ್ನು ನೇರವಾಗಿ ಚುಚ್ಚುತ್ತಾನೆ. ಗನ್ ಹಿಲ್‌ನ ಹೋಟೆಲಿನ ಕೋಣೆಯಲ್ಲಿ ಮಾರ್ಗನ್‌ಗೆ ಹೀಗೆ ಹೇಳುವವರು ಯಾರೂ ಇರಲಿಲ್ಲ. ಹಳೆಯ ಚಿತ್ರದ ಬಿಗಿ, ವೇಗ, ತಂದೆಯರಿಬ್ಬರ ಸಂಕಟ ಇದರಲ್ಲಿಲ್ಲ. ನಡುನಡುವೆ ಕತೆ ಕಚೇರಿಯ ಕಡತದಂತೆ ಒಣಗುವುದೂ ಉಂಟು, ಬಿಡುಗಡೆಯಾದಾಗ ಜನ ಅದನ್ನು ಹೆಚ್ಚು ಮೆಚ್ಚಲೂ ಇಲ್ಲ. ಆದರೂ ಬಿಲ್ಲೆಯ ಹಿಂದೆ ಅಡಗಿದ ಸೇಡನ್ನು ಸೇಡೆಂದೇ ಕರೆಯುವ ಪ್ರಾಮಾಣಿಕತೆ ಇರುವುದು ಈ ಚಿತ್ರದಲ್ಲಿ.

ತಾನು ತೋರಿಸುತ್ತಿರುವುದು ನಡೆದದ್ದು ನಡೆದ ಹಾಗೆ ಎಂದು ಆರಂಭದಲ್ಲಿಯೇ ಘೋಷಿಸಿಕೊಳ್ಳುವ ಈ ಚಿತ್ರವೂ ಮುಕ್ತಾಯಕ್ಕಾಗಿ ಇತಿಹಾಸವನ್ನು ತಿದ್ದಿದೆ. ವೈರಿಗಳ ಮುಖಂಡ ಐಕ್ ಕ್ಲಾಂಟನ್‌ನನ್ನು ವಾಯಟ್ ಗಡಿ ದಾಟಿ ಮೆಕ್ಸಿಕೋದಲ್ಲಿ ಕೊಲ್ಲುವುದಾಗಿ ಅದು ತೋರಿಸುತ್ತದೆ. ವಾಸ್ತವದಲ್ಲಿ ವಾಯಟ್ ಮತ್ತು ಹಾಲಿಡೇ 1882ರಲ್ಲಿ ಅರಿಜೋನಾ ಬಿಟ್ಟು ಕೊಲರಾಡೋಗೆ ಹೋದರು. ಸ್ಟಿಲ್‌ವೆಲ್‌ನ ಕೊಲೆಗಾಗಿ ಟೂಸಾನ್‌ನಲ್ಲಿ ಅವರ ಮೇಲೆಯೇ ಆರೋಪ ದಾಖಲಾಗಿತ್ತು, ಹಾಲಿಡೇಯನ್ನು ಒಪ್ಪಿಸಬೇಕೆಂಬ ಅರಿಜೋನಾದ ಕೋರಿಕೆಯನ್ನು ಕೊಲರಾಡೋದ ಗವರ್ನರ್ ಪಿಟ್ಕಿನ್ ತಳ್ಳಿಹಾಕಿದ, ಆ ಕೊಲೆಯ ವಿಚಾರಣೆ ಎಂದೂ ನಡೆಯಲೇ ಇಲ್ಲ. ಐಕ್ ಕ್ಲಾಂಟನ್ ಮತ್ತೆ ಐದು ವರ್ಷ ಬದುಕಿದ್ದು, 1887ರಲ್ಲಿ ದನಗಳ್ಳತನದ ಆರೋಪದ ಮೇಲೆ ಬಂಧಿಸಲು ಬಂದ ಬ್ರೈಟನ್ ಎಂಬ ಪತ್ತೇದಾರನ ಗುಂಡಿಗೆ ಅರಿಜೋನಾದಲ್ಲಿಯೇ ಸತ್ತ. ಆಗ ವಾಯಟ್ ಅರ್ಪ್ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊ ಪಟ್ಟಣದಲ್ಲಿ ನೆಲೆಸಿದ್ದ.